ಎತ್ತಬೇಡಿ, ಇದ್ದಲ್ಲೇ ಇರಲಿ

ಆಮೇಲಪ್ಪನವರಿಗೆ ಪುರಾತತ್ವ ಅಂಟಿಕೊಂಡದ್ದು ಒಂದು ವಾರಾಂತ್ಯದಲ್ಲಿ. ನೆಗಡಿಯಾಗಿದ್ದರೆ ಮುಂದಿನ ವಾರಾಂತ್ಯಕ್ಕೆ ಬಿಟ್ಟುಹೋಗುತ್ತಿತ್ತು. ಇದು ಬಿಡಲಿಲ್ಲ.

ಆಮೇಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಸ್ವಂತ ದುಡಿಮೆಯಿಂದ ಗಳಿಸಿದ್ದು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರಿಗೆ ಕೆಲಸ. ನಲ್ಲಿಯಲ್ಲಿ ನೀರೇ ಬರುತ್ತಿಲ್ಲ ಎಂದು ಬಂದವರಿಗೂ, ನಲ್ಲಿ ಮುರಿದು ನೀರು ನಿಲ್ಲುತ್ತಲೇ ಇಲ್ಲ ಎಂದು ಓಡಿಬಂದವರಿಗೂ ಅವರು "ಆಮೇಲೆ ನೋಡೋಣ" ಎಂದು ಒಂದೇ ಸಮಾಧಾನದಿಂದ ಹೇಳುತ್ತಿದ್ದರು. ಹೀಗಾಗಿ ಜನ ಪ್ರೀತಿಯಿಂದಲೂ, ಪ್ರೀತಿ ತೀರಿದ ಮೇಲೆ ಸಿಟ್ಟಿನಿಂದಲೂ ಅವರನ್ನು ಆಮೇಲಪ್ಪ ಎಂದು ಕರೆಯತೊಡಗಿದರು.

ಆ ಭಾಗದ ಮ್ಯೂಸಿಯಂನವರು ಒಂದು ತರಬೇತಿ ಏರ್ಪಡಿಸಿದ್ದರು. ನೆಲ ಅಗೆಯುವ ಪ್ರತಿಯೊಂದು ಇಲಾಖೆಯಿಂದಲೂ ಒಬ್ಬರು ಬರಬೇಕು, ಅಗೆಯುವಾಗ ಹಳೆಯ ಕಾಲದ ವಸ್ತು ಸಿಕ್ಕರೆ ಏನು ಮಾಡಬೇಕೆಂದು ಹೇಳಿಕೊಡುತ್ತೇವೆ ಎಂದು ಕರೆದಿದ್ದರು. ನೀರಿನ ಕಚೇರಿಯ ಎಂಜಿನಿಯರ್ ತಲೆ ಕೆರೆದುಕೊಂಡರು. ಯಾರನ್ನು ಕಳಿಸಿದರೂ ಎರಡು ದಿನ ಕೆಲಸ ನಿಲ್ಲುತ್ತದೆ. ಯಾರು ಹೋದರೆ ನಿಲ್ಲುವುದಿಲ್ಲ ಎಂದು ಯೋಚಿಸಿದಾಗ ಒಂದೇ ಮುಖ ಕಣ್ಣೆದುರು ಬಂತು.

ಆಮೇಲಪ್ಪನವರ ಬದುಕಿನಲ್ಲಿ ಯಾರೂ ಅವರನ್ನು ಯಾವುದಕ್ಕೂ ಆರಿಸಿರಲಿಲ್ಲ. ಆದ್ದರಿಂದ ಅವರು ಮುಂದಿನ ಸಾಲಿನಲ್ಲೇ ಕುಳಿತು ಕಿವಿಯೆಲ್ಲ ಅರಳಿಸಿ ಕೇಳಿದರು. ತರಬೇತಿ ಕೊಟ್ಟ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು, ಬಿಸಿಲಿಗೆ ಕಂದಿದ ಮುಖ, ನಗುವ ಕಣ್ಣು. ಅವರು ಮತ್ತೆ ಮತ್ತೆ ಹೇಳಿದ್ದು ಇಷ್ಟೇ: "ಏನಾದ್ರೂ ಸಿಕ್ರೆ ಎತ್ತಬೇಡಿ, ತೊಳೀಬೇಡಿ, ಇದ್ದಲ್ಲೇ ಇರಲಿ, ನಮಗೆ ಫೋನ್ ಮಾಡಿ. ವಸ್ತು ಎಲ್ಲಿತ್ತು, ಅದರ ಪಕ್ಕದಲ್ಲಿ ಏನಿತ್ತು ಅನ್ನೋದ್ರಲ್ಲೇ ಅದರ ಅರ್ಧ ಕಥೆ ಇರುತ್ತೆ. ಎತ್ತಿಬಿಟ್ರೆ ಅದು ಅನಾಥ."

ಭಾನುವಾರ ಸಂಜೆ ಆಮೇಲಪ್ಪನವರು ಒಂದು ಪ್ರಮಾಣಪತ್ರ, ಒಂದು ಟೋಪಿ, ಒಂದು ಬ್ರಷ್ ಮತ್ತು ಒಂದು ಪುಟ್ಟ ಕರಣೆಯೊಂದಿಗೆ ಮನೆಗೆ ಬಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವರು ಒಗೆಯುವುದನ್ನು ಮನೆಯಿಂದಲೇ ಶುರು ಮಾಡಿದರು.

"ರೀ, ಹಾಸಿಗೆ ಮೇಲೆ ಒದ್ದೆ ಟವೆಲ್ ಬಿಸಾಕಿದೀರಲ್ಲ, ಎತ್ತಬಾರದಾ?" ಎಂದಳು ಹೆಂಡತಿ.

"ಎತ್ತಬಾರದು" ಎಂದರು ಆಮೇಲಪ್ಪ ಗಂಭೀರವಾಗಿ. "ಯಾವ ವಸ್ತು ಎಲ್ಲಿ ಬಿದ್ದಿದೆ ಅನ್ನೋದೇ ಮುಖ್ಯ ಕಣೇ. ಎತ್ತಿದ್ರೆ ಸಾಕ್ಷ್ಯ ಹಾಳು. ಇಲ್ಲಿ ಯಾರಿದ್ರು, ಏನ್ಮಾಡ್ತಿದ್ರು ಅಂತ ಮುಂದಿನವರಿಗೆ ಗೊತ್ತಾಗೋದು ಹೇಗೆ?"

"ಯಾರಿದ್ರು ಅಂತ ನಂಗೆ ಟವೆಲ್ ನೋಡದೇನೇ ಗೊತ್ತು. ಏನೂ ಮಾಡ್ತಿರ್ಲಿಲ್ಲ ಅಂತಾನೂ ಗೊತ್ತು. ಎತ್ತಿ."

ಎತ್ತಿದರು. ವಿಜ್ಞಾನಕ್ಕೆ ಎಲ್ಲ ಕಾಲದಲ್ಲೂ ವಿರೋಧ ಇದ್ದದ್ದೇ.

"ನೋಡಿ, ಬ್ರಷ್ಷು ಕರಣೆ ಅಂತ ಆಟ ಆಡ್ಕೊಂಡು ಬಾತ್‌ರೂಮ್ ಕೆಲಸ ಮರೀಬೇಡಿ" ಎಂದು ಹೆಂಡತಿ ಬೆರಳು ತೋರಿಸಿದಳು. "ಮುಂದಿನ ಭಾನುವಾರ ಅಮ್ಮ ಬರ್ತಾಳೆ. ಜಾಡಿ ಕಥೆ ಆದ ಹಾಗೆ ಆಗಬಾರದು."

ಇಲ್ಲಿ ಎರಡು ಸಂಗತಿ ಹೇಳಬೇಕು. ಮೊದಲನೆಯದು, ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು, ಇನ್ನೂ ಆಸ್ಪತ್ರೆಯಲ್ಲಿದ್ದರು. ಮೆಟ್ಟಿಲು ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು. ಅವರು ಇಷ್ಟು ದಿನ ಇದ್ದ ಮಗನ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಆಮೇಲಪ್ಪನವರ ಮನೆಯಲ್ಲಿ ಕೆಳಗೊಂದು ಕೋಣೆ ಇತ್ತು, ಆದರೆ ಬಾತ್‌ರೂಮು ಮಹಡಿಯ ಮೇಲೆ. ಕೆಳಗಿನ ಕೋಣೆಗೆ ಅಂಟಿಕೊಂಡು ಹಿತ್ತಲಲ್ಲಿ ಒಂದು ಬಾತ್‌ರೂಮು ಎದ್ದರೆ ಅತ್ತೆ ಇಲ್ಲಿಗೆ, ಮಗಳ ಮನೆಗೆ. ಏಳದಿದ್ದರೆ ಊರಾಚೆಯ ಆರೈಕೆ ಕೇಂದ್ರಕ್ಕೆ, ಗುರುತು ಪರಿಚಯ ಇಲ್ಲದವರ ನಡುವೆ ಸಾಲು ಮಂಚಗಳಲ್ಲಿ ಒಂದಕ್ಕೆ. ಮಗ ಅಲ್ಲಿ ಒಂದು ಹಾಸಿಗೆ ಕಾದಿರಿಸಿಯೂ ಇಟ್ಟಿದ್ದ.

ಎರಡನೆಯದು ಜಾಡಿ. ತೀರಿಹೋದ ಅಪ್ಪ ಮಗಳಿಗೆ ಕೊಟ್ಟಿದ್ದ ಪಿಂಗಾಣಿ ಜಾಡಿ ಅದು. ಹಲವು ವರ್ಷಗಳ ಹಿಂದೆ ಆಕೆ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಬರುವಷ್ಟರಲ್ಲಿ ಅದು ಮಾಯವಾಗಿತ್ತು. ಆಗ ಮನೆಯಲ್ಲಿದ್ದವರು ಇಬ್ಬರೇ, ಆಮೇಲಪ್ಪನವರು ಮತ್ತು ಅತ್ತೆ. ಅತ್ತೆಯ ಕೈಯಿಂದ ಒಂದು ಲೋಟ ಜಾರಿದ್ದನ್ನೂ ನೋಡಿದವರಿಲ್ಲ. ಹಾಗಾಗಿ ತನಿಖೆ ಬೇಗ ಮುಗಿಯಿತು. ಹಳೇ ಪೇಪರಿನ ಜೊತೆ ಜಾಡಿಯನ್ನೂ ತೂಕಕ್ಕೆ ಹಾಕಿರುತ್ತಾರೆ ಈ ಮಹಾರಾಯರು ಎಂದು ತೀರ್ಪಾಯಿತು. ಆಮೇಲಪ್ಪನವರು ಎಷ್ಟು ನೆನಪಿಸಿಕೊಂಡರೂ ಹಾಗೆ ಮಾಡಿದ್ದು ನೆನಪಾಗಲಿಲ್ಲ, ಮಾಡದೆ ಇದ್ದದ್ದೂ ನೆನಪಾಗಲಿಲ್ಲ. ಇದ್ದರೂ ಇರಬಹುದು ಎಂದು ಒಪ್ಪಿಕೊಂಡರು. ಅಂದಿನಿಂದ ಆ ಮನೆಯಲ್ಲಿ ಬೀಗದ ಕೈ ಕಾಣದಿದ್ದರೂ ಛತ್ರಿ ಕಾಣದಿದ್ದರೂ "ಜಾಡಿಗೆ ಮಾಡಿದ ಗತಿ ಮಾಡಿದ್ರಾ?" ಎಂಬುದೇ ಮೊದಲ ಪ್ರಶ್ನೆ.

ಸೋಮವಾರ ಮೇಸ್ತ್ರಿ ಬಂದ. ಆಮೇಲಪ್ಪನವರ ಪುಟ್ಟ ಕರಣೆಯನ್ನು ನೋಡಿ, "ಸ್ವಾಮಿ, ಇದು ನನ್ನ ಕರಣೆ ಹಾಕಿದ ಮರೀನಾ?" ಎಂದು ಕೇಳಿ, ಹಿತ್ತಲಿನ ನಿಂಬೆ ಗಿಡದ ಬಳಿ ಪಾಯ ತೋಡಲು ನಿಂತ. ಮೊಳದಷ್ಟು ಇಳಿದಿರಬೇಕು, ಹಾರೆ 'ಟಣ್' ಎಂದಿತು.

"ನಿಲ್ಸೋ!" ಎಂದು ಕೂಗಿದರು ಆಮೇಲಪ್ಪ. ಕಾಫಿ ಲೋಟ ಒಂದು ಕಡೆ, ಚಪ್ಪಲಿ ಒಂದು ಕಡೆ, ಅವರು ಗುಂಡಿಯೊಳಗೆ. ಮಂಡಿಯೂರಿ ಬ್ರಷ್ ಆಡಿಸಿದರು. ಮಣ್ಣು ಮೆತ್ತಿದ ಒಂದು ಪುಟ್ಟ ತಲೆ ಕಂಡಿತು. ಕೊಕ್ಕು, ಕುತ್ತಿಗೆ. ಅದರ ಪಕ್ಕದಲ್ಲಿ ಚೂರುಗಳು. ಚೂರುಗಳ ಪಕ್ಕದಲ್ಲಿ ನೀಳವಾದ ಒಂದು ಲೋಹದ ಸಲಾಕೆ.

"ಹಕ್ಕಿ" ಎಂದು ಪಿಸುಗುಟ್ಟಿದರು.

"ಹಕ್ಕಿ ಆದ್ರೆ ಹಾರಿಹೋಗ್ತದೆ, ಪಕ್ಕಕ್ಕೆ ಬನ್ನಿ ಸ್ವಾಮಿ" ಎಂದ ಮೇಸ್ತ್ರಿ.

"ಮುಟ್ಟಬೇಡ! ಇದ್ದಲ್ಲೇ ಇರಲಿ!"

ಹೆಂಡತಿ ಹೊರಬಂದು ನೋಡುವಷ್ಟರಲ್ಲಿ ಬಟ್ಟೆ ಒಣಹಾಕುವ ಹಗ್ಗ ಗುಂಡಿಯ ಸುತ್ತ ಬಿಗಿದಿತ್ತು, ಒಣಗುತ್ತಿದ್ದ ಬಟ್ಟೆ ನಿಂಬೆ ಗಿಡದ ಮೇಲಿತ್ತು, ಗಂಡ ಟೋಪಿ ಹಾಕಿಕೊಂಡು ಫೋನಿನಲ್ಲಿದ್ದರು. ಮೇಡಂ ಎಲ್ಲೋ ದೂರದ ಉತ್ಖನನದಲ್ಲಿದ್ದರು. "ಶನಿವಾರ ಬರ್ತೀನಿ ಸರ್. ಅಲ್ಲಿವರೆಗೆ..." ಎಂದರು. "ಎತ್ತಲ್ಲ, ತೊಳಿಯಲ್ಲ!" ಎಂದು ಆಮೇಲಪ್ಪನವರು ಉಳಿದ ಪಾಠ ಒಪ್ಪಿಸಿದರು.

"ಶನಿವಾರದ ತನಕ ನಾನೇನು ನಿಂಬೆಹಣ್ಣು ಎಣಿಸ್ಲಾ?" ಎಂದ ಮೇಸ್ತ್ರಿ.

"ಅದನ್ನ ಒಂದು ಸಲ ತೊಳೆದು ನೋಡಬಾರದಾ ರೀ, ಏನು ಅಂತ ಗೊತ್ತಾಗುತ್ತೆ" ಎಂದು ಹೆಂಡತಿ ಚೊಂಬು ತಂದಳು.

"ನೀರು!" ಎಂದು ಆಮೇಲಪ್ಪ ಗುಂಡಿಗೆ ಅಡ್ಡ ಮಲಗಿಬಿಟ್ಟರು. ನೀರು ಸರಬರಾಜು ಕಚೇರಿಯ ನೌಕರರೊಬ್ಬರು ನೀರಿಗೆ ಅಷ್ಟು ಹೆದರಿದ್ದು ಅದೇ ಮೊದಲು.

ಸುದ್ದಿ ಬೇಲಿ ದಾಟಿತು. ಎದುರು ಮನೆಯ ನಿವೃತ್ತ ಗಣಿತ ಮೇಷ್ಟ್ರು ಮೊದಲು ಬಂದವರು. ಹಗ್ಗದ ಆಚೆಯಿಂದಲೇ ಬಗ್ಗಿ ನೋಡಿ, ಅಂಗೈ ಮೇಲೆ ಲೆಕ್ಕ ಹಾಕಿದರು. "ನೂರು ವರ್ಷಕ್ಕೆ ಒಂದು ಬೆರಳು ಮಣ್ಣು ಕೂಡುತ್ತೆ ಅಂತ ಇಟ್ಕೊಳ್ಳಿ. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ಅಲ್ಲಿಗೆ ಎರಡು ಸಾವಿರದ ನಾನೂರು ವರ್ಷ. ಶೇಷ ಸೊನ್ನೆ."

"ನೂರು ವರ್ಷಕ್ಕೆ ಒಂದು ಬೆರಳು ಅಂತ ಯಾರು ಹೇಳಿದ್ದು ಮೇಷ್ಟ್ರೇ?"

"ಇಟ್ಕೊಳ್ಳಿ ಅಂದ್ನಲ್ಲ. ಗಣಿತದಲ್ಲಿ ಒಂದು ಸಲ ಇಟ್ಕೊಂಡ ಮೇಲೆ ಕೇಳೋ ಹಾಗಿಲ್ಲ."

ಸಂಜೆಯೊಳಗೆ ಹಕ್ಕಿಯನ್ನು ಪೂಜಿಸುತ್ತಿದ್ದ ಒಂದು ಜನಾಂಗ ಆ ಹಿತ್ತಲಲ್ಲಿ ಹುಟ್ಟಿ, ಬೆಳೆದು, ಸಲಾಕೆ ಹಿಡಿದು ಯುದ್ಧ ಮಾಡಿ, ಸೋತು ನಾಶವಾಗಿತ್ತು. ಪಕ್ಕದ ಮನೆಯಾಕೆ, ಆ ಜನಾಂಗ ತಮ್ಮ ಕಾಂಪೌಂಡಿನೊಳಗೂ ವಾಸವಾಗಿತ್ತೆಂದು ಹಕ್ಕು ಮಂಡಿಸಿದಳು. ಮಾರನೆಯ ಬೆಳಿಗ್ಗೆ ಹಾಲಿನವನು ಹಾಲು ಕೊಟ್ಟು ಹೋಗದೆ, "ಚಿನ್ನ ಎಷ್ಟು ಕೊಪ್ಪರಿಗೆ ಸಿಕ್ತು?" ಎಂದು ಕೇಳಿ ನಿಂತ. ಬುಧವಾರ ನೀರಿನ ಕಚೇರಿಯಲ್ಲಿ ದೂರು ಕೊಡಲು ಬಂದವರು ದೂರು ಮರೆತು ಹಕ್ಕಿಯ ಬಗ್ಗೆ ಕೇಳಿದರು. ಆಮೇಲಪ್ಪನವರು ಆಮೇಲೆ ಎನ್ನದೆ ಆಗಿಂದಾಗಲೇ ಉತ್ತರ ಕೊಟ್ಟದ್ದು ಕಂಡು ಎಂಜಿನಿಯರ್ ಗಾಬರಿಯಾದರು.

ಇಷ್ಟೆಲ್ಲ ಆಗುವಾಗ ಪಾಯ ಮಾತ್ರ ಒಂದು ಗೇಣೂ ಮುಂದೆ ಹೋಗಲಿಲ್ಲ.

ಗುರುವಾರ ಹೆಂಡತಿಯ ತಮ್ಮ ಬಂದ. ಬಂದವನು ಕೂರಲಿಲ್ಲ.

"ಭಾವ, ನೇರವಾಗಿ ಕೇಳ್ತೀನಿ. ಅಮ್ಮ ಇಲ್ಲಿಗೆ ಬರೋದು ನಿಮಗೆ ಇಷ್ಟ ಇಲ್ಲ, ಅಲ್ವಾ?"

"ಅಯ್ಯೋ, ಯಾರು ಹೇಳಿದ್ದು? ಶನಿವಾರ ಮೇಡಂ ಬಂದು ನೋಡಿಬಿಟ್ರೆ..."

"ಆಮೇಲೆ ನೋಡೋಣ, ಆಮೇಲೆ ಕಟ್ಟೋಣ! ನೆವ ಹುಡುಕೋರಿಗೆ ನೆಲದಲ್ಲೂ ಸಿಗುತ್ತೆ ಬಿಡಿ. ಬೇಡ ಅಂದ್ರೆ ಬಾಯಿಬಿಟ್ಟು ಹೇಳಬೇಕಿತ್ತು. ಎರಡು ಸಾವಿರ ವರ್ಷದ ಹಕ್ಕಿ ಹತ್ರ ಯಾಕೆ ಹೇಳಿಸ್ತೀರಿ?"

"ಎರಡು ಸಾವಿರದ ನಾನೂರು" ಎಂದು ಕಿಟಕಿಯಾಚೆಯಿಂದ ಮೇಷ್ಟ್ರು ತಿದ್ದಿದರು.

ಹೆಂಡತಿಯ ಕಣ್ಣು ತುಂಬಿತ್ತು. ಅವಳು ಬೈದಿದ್ದರೆ ಆಮೇಲಪ್ಪನವರಿಗೆ ಅಭ್ಯಾಸವಿತ್ತು, ಬೈಯಲೇ ಇಲ್ಲ. ಅಮ್ಮನಿಗೆ ಫೋನ್ ಮಾಡಿ, "ಹಿತ್ತಲಲ್ಲಿ ಏನೋ ಸಿಕ್ಕಿದೆ ಅಂತ ಕೆಲಸ ನಿಲ್ಸಿದಾರೆ ಅಮ್ಮ. ನಿಂಬೆ ಗಿಡದ ಹತ್ರ. ಯಾವುದೋ ಹಕ್ಕಿ ಬೊಂಬೆ" ಎಂದಳು.

ಅತ್ತ ಕಡೆಯಿಂದ ಅತ್ತೆಯ ದನಿ ಎಲ್ಲರಿಗೂ ಕೇಳಿಸಿತು. "ಮುಚ್ಚಿಬಿಡಿ! ಆ ಗುಂಡೀನ ಈಗಲೇ ಮುಚ್ಚಿಬಿಡಿ! ನಂಗೆ ಬಾತ್‌ರೂಮೂ ಬೇಡ, ಏನೂ ಬೇಡ. ನಾನು ಆರೈಕೆ ಕೇಂದ್ರಕ್ಕೇ ಹೋಗ್ತೀನಿ."

"ನೋಡಿದ್ರಾ, ಎಷ್ಟು ನೊಂದ್ಕೊಂಡಿದಾಳೆ!" ಎಂದು ಅಕ್ಕ ತಮ್ಮ ಇಬ್ಬರೂ ಒಟ್ಟಿಗೇ ಆಮೇಲಪ್ಪನವರ ಕಡೆ ತಿರುಗಿದರು. ಅತ್ತ ದರಿ, ಇತ್ತ ಪುಲಿ. ಮಧ್ಯದಲ್ಲಿ ಹಕ್ಕಿ.

ಅವರಿಗೂ ಸಂಕಟವಾಗದೆ ಇರಲಿಲ್ಲ. ಅತ್ತೆ ಎಂದರೆ ಅವರಿಗೆ ಇಷ್ಟವೇ. ಪ್ರತಿ ವರ್ಷ ಅಳಿಯನಿಗೆಂದು ಒಂದು ಸ್ವೆಟರ್ ಹೆಣೆದು ಕಳಿಸುತ್ತಿದ್ದ ಜೀವ ಅದು. ಹೆಣಿಗೆಯ ಜೋಡಿ ಕಡ್ಡಿಯಲ್ಲಿ ಒಂದು ಯಾವುದೋ ಕಾಲದಲ್ಲಿ ಕಳೆದುಹೋಗಿ, ಅಂದಿನಿಂದ ಒಂದು ಬೂದು ಕಡ್ಡಿ, ಒಂದು ದಪ್ಪನೆಯ ಹಸಿರು ಕಡ್ಡಿ ಹಿಡಿದು ಹೆಣೆಯುತ್ತಿದ್ದರು. ಅದಕ್ಕೇ ಏನೋ, ಸ್ವೆಟರಿನ ಒಂದು ತೋಳು ಸರಿಯಾಗಿದ್ದರೆ ಇನ್ನೊಂದು ತೋಳು ಮಂಡಿ ಮುಟ್ಟುತ್ತಿತ್ತು. ಆಮೇಲಪ್ಪನವರು ಒಂದನ್ನೂ ಬಿಡದೆ ಹಾಕಿಕೊಂಡಿದ್ದರು. ಆದರೆ ಮೇಡಂಗೆ ಮಾತು ಕೊಟ್ಟಾಗಿತ್ತು. "ಶನಿವಾರ ಒಂದು ಕಳೀಲಿ" ಎಂದಷ್ಟೇ ಹೇಳಿದರು.

ಶನಿವಾರ ಬೆಳಿಗ್ಗೆ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಡಂ ಅಳತೆ ಪಟ್ಟಿ, ಕ್ಯಾಮೆರಾ ಹಿಡಿದು ಬಂದು, ಹಗ್ಗದೊಳಗೆ ಇಳಿದು ಮೆಚ್ಚುಗೆಯಿಂದ ತಲೆಯಾಡಿಸಿದರು. ಅದೇ ಹೊತ್ತಿಗೆ ಗೇಟು ತೆರೆದು ಭಾಮೈದ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಆಸ್ಪತ್ರೆಯವರು ಒಂದು ದಿನ ಮೊದಲೇ ಬಿಟ್ಟಿದ್ದರು. ಆರೈಕೆ ಕೇಂದ್ರಕ್ಕೆ ಹೋಗುವ ದಾರಿಯಲ್ಲಿ, ಅಳಿಯನ ಘನಕಾರ್ಯವನ್ನು ಅಮ್ಮನೂ ಒಂದು ಸಲ ಕಣ್ಣಾರೆ ನೋಡಲಿ ಎಂದು ಕರೆತಂದಿದ್ದ. ಅತ್ತೆ ಮಾತ್ರ ಗುಂಡಿಯ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿ ಹೆಣೆಯುತ್ತಿದ್ದರು. ಕಡ್ಡಿಗಳು ಹೊಲಿಗೆ ಯಂತ್ರದ ವೇಗದಲ್ಲಿ ಓಡುತ್ತಿದ್ದವು.

ಮೇಡಂ ಎಲ್ಲದರ ಚಿತ್ರ ತೆಗೆದುಕೊಂಡರು. ಒಂದು ದೊಡ್ಡ ಚೂರನ್ನು ನಿಧಾನವಾಗಿ ಎತ್ತಿ ತಿರುವಿದರು. ತಳದಲ್ಲಿ ಸಣ್ಣ ಅಕ್ಷರಗಳು ಕಂಡವು.

"ಲಿಪಿ! ಲಿಪಿ!" ಎಂದು ಮೇಷ್ಟ್ರು ಹಗ್ಗದ ಮೇಲೇ ಬಿದ್ದರು. "ಏನಂತಿದೆ ಮೇಡಂ? ರಾಜಾಜ್ಞೆಯಾ?"

ಮೇಡಂ ಬ್ರಷ್ ಆಡಿಸಿ ಓದಿದರು. "ಮೈಕ್ರೋವೇವ್‌ನಲ್ಲಿ ಇಡಬಾರದು ಅಂತಿದೆ."

ಹಕ್ಕಿಪೂಜಕರ ಇಡೀ ಜನಾಂಗ ಎರಡನೆಯ ಸಲ ನಾಶವಾಯಿತು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದಳು ಪಕ್ಕದ ಮನೆಯಾಕೆ, ತಮ್ಮ ಹಕ್ಕನ್ನು ಅಲ್ಲೇ ಬಿಟ್ಟುಕೊಡುತ್ತ. ಅಷ್ಟರಲ್ಲಿ ಮೇಡಂ ಹಕ್ಕಿಯ ತಲೆಯನ್ನು ಬ್ರಷ್ಷಿನಿಂದ ಒರೆಸಿದ್ದರು. ಮಣ್ಣಿನ ಕೆಳಗಿಂದ ನೀಲಿ ಬಣ್ಣ ಹೊರಬಂತು. ಆಮೇಲಪ್ಪನವರ ಹೆಂಡತಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ನನ್ನ ಜಾಡಿ! ಮುಚ್ಚಳದ ಮೇಲಿನ ನೀಲಿ ಹಕ್ಕಿ! ಅಪ್ಪ ಕೊಟ್ಟಿದ್ದು!" ಆಮೇಲೆ ಗಂಡನ ಕಡೆ ತಿರುಗಿದಳು. "ಪೇಪರಿನವನಿಗೆ ಹಾಕಿರಬಹುದು ಅಂದ್ರಲ್ಲ? ಒಡೆದು ಹೂತಿಟ್ಟಿದ್ರಾ? ಇಷ್ಟು ವರ್ಷ ನನ್ನೆದುರು ಹೇಗೆ ಸುಮ್ಮನೆ ಕೂತಿದ್ರಿ ರೀ?"

"ತಾನೇ ಹೂತು, ತಾನೇ ಅಗೆದು, ತಾನೇ ಸರ್ಕಾರದವರನ್ನ ಕರೆಸಿ ಸಿಕ್ಕಿಬಿದ್ದ ಕಳ್ಳನ್ನ ನಾನು ಎಲ್ಲೂ ನೋಡಿಲ್ಲ" ಎಂದ ಮೇಸ್ತ್ರಿ, ಮನಸಾರೆ.

ಆಮೇಲಪ್ಪನವರು ಬೆಪ್ಪಾಗಿ ನಿಂತರು. ತಾನು ಒಡೆದೆನೇ? ಒಡೆದಿರಲೂಬಹುದೇ?

ಮೇಡಂಗೆ ಪಾಪ ಎನಿಸಿರಬೇಕು. "ಜೊತೇಲಿ ಇನ್ನೊಂದು ವಸ್ತು ಇದೆಯಲ್ಲ ಸರ್. ಚಿತ್ರ ತೆಗೆದಾಯ್ತು, ಈಗ ನೀವೇ ಎತ್ತಬಹುದು" ಎಂದರು.

ಅವರು ಸಲಾಕೆಯನ್ನು ಎತ್ತಿ, ಎಡವಟ್ಟಾಗದಂತೆ ಅಂಗಿಯ ತುದಿಯಿಂದ ಒರೆಸಿದರು. ಹಕ್ಕಿಪೂಜಕರ ವೀರ ಹಿಡಿದಿದ್ದ ಆಯುಧ ಬೂದು ಬಣ್ಣಕ್ಕೆ ತಿರುಗಿತು. ಒಂದು ತುದಿ ಚೂಪು. ಇನ್ನೊಂದು ತುದಿಯಲ್ಲಿ ಗುಂಡನೆಯ ಗುಬುಟು. ಅಷ್ಟರಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು. ಅಷ್ಟು ಹೊತ್ತಿನಿಂದ ಕೇಳುತ್ತಿದ್ದ ಕಡ್ಡಿಗಳ ಟಿಕಟಿಕ ಸದ್ದು ನಿಂತುಹೋಗಿತ್ತು.

ತಲೆ ಎತ್ತಿ ನೋಡಿದರು. ಗಾಲಿಕುರ್ಚಿಯಲ್ಲಿ ಅತ್ತೆ ಅವರನ್ನೇ ನೋಡುತ್ತಿದ್ದರು. ತೊಡೆಯ ಮೇಲೆ ಒಂದು ಹಸಿರು ಕಡ್ಡಿ, ಒಂದು ಬೂದು ಕಡ್ಡಿ. ಬೂದು ಕಡ್ಡಿಯ ತುದಿಯಲ್ಲಿ ಅಂಥದೇ ಗುಬುಟು. ಅತ್ತೆಯ ಮುಖ ಸಣ್ಣದಾಗಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖದ ಹಾಗೆ.

"ಏನ್ ಸರ್ ಅದು?" ಎಂದರು ಮೇಡಂ.

ಆಮೇಲಪ್ಪನವರು ಆ ವಾರವಿಡೀ ಕಾಪಾಡಿಕೊಂಡು ಬಂದ ಸಾಕ್ಷ್ಯವನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

"ಏನಿಲ್ಲ, ಹಳೇ ತಂತಿ" ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಹೌದು ಕಣೇ. ಜಾಡಿ ನಾನೇ ಒಡೆದಿದ್ದು. ನೀನು ಬೈತೀಯ ಅಂತ ಇಲ್ಲಿ ಹೂತಿದ್ದೆ. ಆಮೇಲೆ ಹೇಳೋಣ ಅಂತಿದ್ದೆ, ಮರೆತೇಹೋಯ್ತು" ಎಂದರು.

ಎಷ್ಟು ಸಹಜವಾಗಿತ್ತೆಂದರೆ ಅನುಮಾನಪಡುವವರು ಯಾರೂ ಇರಲಿಲ್ಲ. ಹೆಂಡತಿ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ದಡದಡನೆ ಒಳಗೆ ಹೋದಳು. ಮೇಡಂ ಮಾತ್ರ ಜೇಬಿನ ಕಡೆ ಒಂದು ಸಲ, ಗಾಲಿಕುರ್ಚಿಯ ಕಡೆ ಒಂದು ಸಲ ನೋಡಿದರು. "ನನ್ನ ತರಬೇತೀಲಿ ಇಷ್ಟು ಚೆನ್ನಾಗಿ ಕಲಿತವರು ನೀವೊಬ್ರೇ ಸರ್" ಎಂದು ಹೇಳಿ ನಗುತ್ತ ಹೊರಟರು.

"ಹಾಗಾದ್ರೆ ಅಗೀಲಾ?" ಎಂದ ಮೇಸ್ತ್ರಿ.

"ಅಗಿ. ಈಗಲೇ ಅಗಿ" ಎಂದರು ಆಮೇಲಪ್ಪ. ತಾವೂ ಗುದ್ದಲಿ ಹಿಡಿದರು. ಭಾಮೈದನ ಕಡೆ ತಿರುಗಿ, "ಅತ್ತೆ ಎಲ್ಲೂ ಹೋಗೋದಿಲ್ಲ. ಬಾತ್‌ರೂಮ್ ಆಗೋವರೆಗೆ ಎರಡು ಹೊತ್ತೂ ಕುರ್ಚಿ ಸಮೇತ ನಾವಿಬ್ರೂ ಎತ್ಕೊಂಡು ಮೇಲೆ ಹತ್ತಿಸೋಣ, ಹಿಡ್ಕೋ" ಎಂದರು. ಅವರ ಬಾಯಲ್ಲಿ 'ಈಗಲೇ' ಎಂಬ ಮಾತು ಕೇಳಿ ಬೆಚ್ಚಿದ ಭಾಮೈದ ಸುಮ್ಮನೆ ಹಿಡಿದುಕೊಂಡ. ಮೇಸ್ತ್ರಿಯೂ ಬೇರೆ ಕಡೆ ಒಪ್ಪಿಕೊಂಡಿದ್ದ ಕೆಲಸವನ್ನು ಮುಂದೂಡಿದ. ಬಾತ್‌ರೂಮು ಏಳುವಷ್ಟೂ ದಿನ ಹೆಂಡತಿ ಗಂಡನೊಡನೆ ಮಾತಾಡಲಿಲ್ಲ. ಗಾರೆ ಕಲಸಿ ಕಲಸಿ ಆಮೇಲಪ್ಪನವರ ಅಂಗೈ ಬೊಬ್ಬೆ ಎದ್ದಿತು.

ಕೊನೆಗೆ ಬಾತ್‌ರೂಮಿಗೆ ಬಾಗಿಲು ಕೂತಿತು. ಮೊದಲು ಒಳಗೆ ಹೋಗುವ ಗೌರವ ಅತ್ತೆಯದು. ಕೋಲೂರಿಕೊಂಡು ತಾವೇ ನಡೆದು ಹೋದರು, ಚಿಲಕ ಹಾಕಿಕೊಂಡರು. ಮಗಳು ಹೊರಗೇ ಕಾವಲು ನಿಂತಳು. ನೀರಿನ ಸದ್ದಿಲ್ಲ, ಯಾವ ಸದ್ದೂ ಇಲ್ಲ.

"ಅಮ್ಮಾ, ಹುಷಾರಾಗಿದೀಯಾ?"

"ಹುಷಾರಾಗಿದೀನಿ" ಎಂದಿತು ಬಾಗಿಲು. "ಚಿಲಕ ಗಟ್ಟಿಯಾಗಿದೆ ತಾನೇ?"

"ಗಟ್ಟಿ ಇದೆ. ಯಾಕಮ್ಮಾ?"

"ಹಾಗಾದ್ರೆ ಕೇಳು. ಜಾಡಿ ಒಡೆದಿದ್ದು ನಾನು."

ಹಿತ್ತಲಲ್ಲಿ ಕರಣೆ ತೊಳೆಯುತ್ತಿದ್ದ ಆಮೇಲಪ್ಪನವರು ಹಾಗೇ ನಿಂತರು.

"ಒರೆಸೋಕೆ ಅಂತ ಎತ್ತಿದೆ, ಜಾರಿಬಿಡ್ತು. ಅಪ್ಪ ಕೊಟ್ಟಿದ್ದು ಅಂತ ನೀನು ಅದನ್ನ ಎಷ್ಟು ಹಚ್ಕೊಂಡಿದ್ದೆ. ನಂಗೆ ಭಯ ಆಯ್ತು. ಸೌಟಿನಲ್ಲಿ ತೋಡಿ, ಹೆಣಿಗೆ ಕಡ್ಡೀಲಿ ಕೆದಕಿ ಹೂತಿಟ್ಟೆ. ಕಡ್ಡೀನೂ ಮಣ್ಣಿಗೆ ಹೋಯ್ತು. ನಿನ್ನ ಗಂಡನ ತಲೆಗೆ ಕಟ್ತೀಯ ಅಂತ ನಂಗೇನು ಗೊತ್ತು? ಕಟ್ಟಿದ ಮೇಲೆ ಬಾಯಿ ಬರ್ಲಿಲ್ಲ. ಅದಕ್ಕೇ ವರ್ಷವರ್ಷ ಸ್ವೆಟರ್ ಹಾಕ್ತಿದ್ದೆ ಆ ಪುಣ್ಯಾತ್ಮನಿಗೆ. ಅವತ್ತು ಕಡ್ಡಿ ನೋಡಿದ್ದೇ ಅವರಿಗೆ ಗೊತ್ತಾಗಿತ್ತು. ನೆನ್ನೆ ನನ್ನ ಉಲ್ಲನ್ ಚೀಲದಲ್ಲಿ ತೊಳೆದು ಇಟ್ಟಿದಾರೆ. ಒಂದು ಮಾತೂ ಆಡ್ಲಿಲ್ಲ." ಒಳಗೆ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದ ಸದ್ದಾಯಿತು. "ನೀನು ಬೈಯಲ್ಲ ಅಂತ ಹೇಳೋವರೆಗೆ ನಾನು ಹೊರಗೆ ಬರಲ್ಲ."

ಹೆಂಡತಿ ಬಾಗಿಲನ್ನು ನೋಡಿದಳು, ಗಂಡನನ್ನು ನೋಡಿದಳು. ಒಂದು ತೋಳು ಸರಿಯಾಗಿ, ಇನ್ನೊಂದು ಮಂಡಿಯವರೆಗೆ ಇಳಿಬಿದ್ದ ಸ್ವೆಟರಿನಲ್ಲಿ, ಅಂಗೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಆ ಮನುಷ್ಯನನ್ನು ಅವಳು ಬಹಳ ದಿನಗಳ ಮೇಲೆ ನೋಡುತ್ತಿದ್ದ ಹಾಗಿತ್ತು.

"ರೀ" ಎಂದಳು, ಮೂಗು ಎಳೆಯುತ್ತ. "ಅಮ್ಮನ್ನ ಬೈಯಲ್ಲ, ಆಯ್ತು. ನಿಮಗೆ ಇಷ್ಟು ವರ್ಷ ಬೈದ್ನಲ್ಲ, ಅದನ್ನೆಲ್ಲ ಈಗ ಏನ್ಮಾಡ್ಲಿ?"

ಆಮೇಲಪ್ಪನವರು ತರಬೇತಿ ಪಡೆದ ಮನುಷ್ಯ. ಯೋಚಿಸಬೇಕಾದ್ದೇ ಇರಲಿಲ್ಲ.

"ಎತ್ತಬೇಡ ಬಿಡು" ಎಂದರು. "ಇದ್ದಲ್ಲೇ ಇರಲಿ."

ಅಂದು ಹಾಸಿಗೆಯ ಮೇಲಿದ್ದ ಒದ್ದೆ ಟವೆಲನ್ನೂ ಅವಳು ಇದ್ದಲ್ಲೇ ಇರಲು ಬಿಟ್ಟಳು. ಮಾರನೆಯ ದಿನ ಎತ್ತಿಸಿದಳು, ಅವರ ಕೈಯಿಂದಲೇ.